ಗಣಿಗಿಂತ ಹಿಂದಿನ ಕೋಲಾರ

ಕೋಲಾರ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಚಿನ್ನದ ಗಣಿ. ಗಣಿ ಎಂದೊಡನೆ ಬರುವುದು ಇಂಗ್ಲಿಷರ ಕಾಲ. 1873ರಲ್ಲಿ ಮೈಕೆಲ್ ಲವೆಲ್ ಎಂಬ ಐರಿಷ್ ಸೈನಿಕ ಅದಿರು ಹುಡುಕಲು ಪರವಾನಗಿ ಬೇಡಿದ್ದು, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದದ್ದು - ಇಷ್ಟನ್ನು ಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ಅದಕ್ಕೂ ಹಿಂದೆ ಏನಿತ್ತು ಎಂದು ಕೇಳಿದರೆ ಗಂಗರ ಹೆಸರು, ಕೋಲಾರಮ್ಮನ ಹೆಸರು, ಹೈದರಾಲಿಯ ಹೆಸರು ಬಂದು ಮಾತು ನಿಂತುಬಿಡುತ್ತದೆ. ಜಿಲ್ಲೆಯ ಚರಿತ್ರೆಯೇ ಕಂಪನಿಯ ಗುಂಡಿಯಿಂದ ಮೇಲೆ ಬಂದಿತೇನೋ ಎಂಬ ಭಾವನೆ ಉಳಿದುಬಿಟ್ಟಿದೆ.

ಈ ಭಾವನೆಯನ್ನು ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ. ಕಂಪನಿ ತೋಡಿದ ಸಿರಿವಂತ ಪದರ ಸಿಕ್ಕಿದ್ದು ನಮ್ಮವರು ಹಿಂದೆಯೇ ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಕೆಳಗೆ. ಆ ಗಣಿಯ ಊರು ಕುಡಿದದ್ದು ಸಾವಿರ ವರ್ಷದ ಹಿಂದಿನ ಕೆರೆಯ ನೀರು. ಈ ಎರಡು ಸಂಗತಿಗಳನ್ನು ಹಿಡಿದು ನಡೆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ.

ದೂರದ ದ್ವೀಪಗಳ ಒಂದು ತಗಡು

ಪರದೇಶದವರು ಬಂದ ದಿನದಿಂದ ಚರಿತ್ರೆಯನ್ನು ಎಣಿಸುವ ಅಭ್ಯಾಸ ನಮ್ಮದೊಂದೇ ಅಲ್ಲ. ಫಿಲಿಪ್ಪೀನ್ಸ್ ದ್ವೀಪಗಳನ್ನು ನೋಡಿ. 1521ರಲ್ಲಿ ಮೆಗಲನ್ ಅಲ್ಲಿಗೆ ಬಂದ. 1565ರಿಂದ ಸ್ಪೇನಿನವರು ನೆಲೆಯೂರಿ 1898ರವರೆಗೆ ಆಳಿದರು. ದೇಶಕ್ಕೆ ಹೆಸರು ಬಂದದ್ದೂ ಸ್ಪೇನಿನ ಫಿಲಿಪ್ ದೊರೆಯಿಂದ. ಅಲ್ಲಿನ ಲಿಖಿತ ಚರಿತ್ರೆ 1521ರಿಂದಲೇ ಆರಂಭ ಎಂದು ಬಹಳ ಕಾಲ ಪಾಠ ಹೇಳಿದರು.

1989ರಲ್ಲಿ ಲಗೂನಾ ಪ್ರಾಂತ್ಯದ ನದಿಯೊಂದರ ಬಳಿ ಮರಳು ತೆಗೆಯುವವರಿಗೆ ತಾಮ್ರದ ತಗಡೊಂದು ಸಿಕ್ಕಿತು. ಆಂಟೂನ್ ಪೋಸ್ಟ್ಮಾ ಎಂಬ ವಿದ್ವಾಂಸರು ಅದನ್ನು ಓದಿದಾಗ ಅದರ ಕಾಲ ಶಕ ವರ್ಷ 822, ಅಂದರೆ ಕ್ರಿ.ಶ. 900 ಎಂದು ತಿಳಿಯಿತು. ಭಾಷೆ ಹಳೆಯ ಮಲಯ್, ನಡುನಡುವೆ ಸಂಸ್ಕೃತ ಪದಗಳು. ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಬೆಳೆದ ಕವಿ ಲಿಪಿ. ಒಂದು ಕುಟುಂಬದ ಸಾಲ ತೀರಿತೆಂದು ಕೊಟ್ಟ ಬಿಡುಗಡೆ ಪತ್ರ ಅದು. ಸಾಲದ ಮೊತ್ತ ಒಂದು 'ಕಾಟಿ' ಮತ್ತು ಎಂಟು 'ಸುವರ್ಣ' ಚಿನ್ನ. ಒಂದು ತಗಡಿನಿಂದ ಆ ನಾಡಿನ ಲಿಖಿತ ಚರಿತ್ರೆ ಆರು ಶತಮಾನ ಹಿಂದಕ್ಕೆ ಸರಿಯಿತು.

ಆ ತಗಡನ್ನು ಬರೆದ ಕಾಲಕ್ಕೆ ನಮ್ಮ ಮುಳಬಾಗಿಲು ತಾಲ್ಲೂಕಿನ ಆವನಿಯ ಸುತ್ತ ನೊಳಂಬರ ಆಳ್ವಿಕೆ. ಇಲ್ಲಿಯೂ ಅದೇ ಶಕ ವರ್ಷದ ಎಣಿಕೆ. ವ್ಯತ್ಯಾಸ ಒಂದೇ: ಅವರಿಗೆ ದೊರೆತದ್ದು ಒಂದೇ ತಗಡು, ನಮ್ಮಲ್ಲಿ ಊರೂರಿನ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಗುಡಿಯ ಗೋಡೆಯಲ್ಲಿ ಕಲ್ಲಿನ ಬರಹ. ಇಷ್ಟಿದ್ದೂ ನಾವು ಕಥೆಯನ್ನು 1873ರಿಂದ ಆರಂಭಿಸುತ್ತೇವೆ.

ಕಲ್ಲು ಹೇಳುವ ಮಾತು

ಕೋಲಾರದ ಹಳೆಯ ಹೆಸರು ಕುವಲಾಲ. ಗಂಗರು ನಾಲ್ಕನೆಯ ಶತಮಾನದಲ್ಲಿ ಇಲ್ಲಿಂದಲೇ ಆಳ್ವಿಕೆ ತೊಡಗಿದರು. ಮುಂದೆ ಅವರ ರಾಜಧಾನಿ ತಲಕಾಡಿಗೆ ಹೋಯಿತು. ಆದರೂ 'ಕುವಲಾಲಪುರವರೇಶ್ವರ' ಎಂಬ ಬಿರುದನ್ನು ಅವರು ಬಿಡಲಿಲ್ಲ. ತವರೂರಿನ ಹೆಸರು ಬಿರುದಾಗಿ ಶತಮಾನಗಳ ಕಾಲ ಉಳಿಯಿತು.

ಗಂಗರ ಜೊತೆಗೆ ಬಾಣರು, ನೊಳಂಬರು ಈ ಸೀಮೆಯಲ್ಲಿ ಆಳಿದರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಬಂದರು. ಈ ಭಾಗಕ್ಕೆ 'ನಿಕರಿಲಿಚೋಳಮಂಡಲ' ಎಂದು ಹೆಸರಿಟ್ಟರು. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಮುಂದೆ ಹೊಯ್ಸಳರು, ಅವರ ನಂತರ ವಿಜಯನಗರದವರು. ಹೀಗಾಗಿ ಇಲ್ಲಿ ಒಂದು ಊರಿನ ಶಾಸನ ಕನ್ನಡದಲ್ಲಿದ್ದರೆ ಪಕ್ಕದೂರಿನದು ತಮಿಳಿನಲ್ಲಿ, ಅದರಾಚೆಯದು ತೆಲುಗಿನಲ್ಲಿ. ಇಂದಿಗೂ ಶ್ರೀನಿವಾಸಪುರದ ಸಂತೆಯಲ್ಲಿ ತೆಲುಗು, ಕನ್ನಡ ಬೆರೆತು ಕೇಳಿಸುವುದಕ್ಕೆ ಇದೇ ಹಿನ್ನೆಲೆ.

ಈ ಶಾಸನಗಳನ್ನು ಹುಡುಕಿ, ಪ್ರತಿ ಮಾಡಿಸಿ, 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಹತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದವರು ಬಿ. ಎಲ್. ರೈಸ್. ಅವರು ಬೆಂಗಳೂರಿನಲ್ಲೇ ಹುಟ್ಟಿ ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಇಂಗ್ಲಿಷರು. ಪರಕೀಯ ಆಡಳಿತ ನಮ್ಮಿಂದ ತೆಗೆದುಕೊಂಡದ್ದನ್ನು ಹೇಳುವಾಗ ಅದರ ಕಾಲದಲ್ಲಿ ನಡೆದ ಈ ಉಪಕಾರವನ್ನೂ ಹೇಳಲೇಬೇಕು.

ಶಾಸನ ಎಂದರೆ ರಾಜರ ಹೊಗಳಿಕೆ ಎಂದು ಹಲವರ ಅಭಿಪ್ರಾಯ. ಆ ಹತ್ತನೆಯ ಸಂಪುಟವನ್ನು ತಿರುವಿದರೆ ಬೇರೆಯೇ ಲೋಕ ತೆರೆಯುತ್ತದೆ. ಹಗೆಗಳು ದನ ಹೊಡೆದುಕೊಂಡು ಹೋದಾಗ ಅಡ್ಡ ನಿಂತು ಸತ್ತವನ ವೀರಗಲ್ಲು. ಅವನ ಮನೆಯವರಿಗೆ ಬಿಟ್ಟ 'ನೆತ್ತರುಗೊಡಗೆ' ಹೊಲ. ಕೆರೆ ಕಟ್ಟಿದವನಿಗೆ ಅದರ ಕೆಳಗಿನ ಗದ್ದೆಯಲ್ಲಿ ಕೊಟ್ಟ 'ಬಿತ್ತುವಟ್ಟ'. ಗುಡಿಯ ಸೇವಕವರ್ಗಕ್ಕೆ ಸಲ್ಲಬೇಕಾದ ದವಸದ ಲೆಕ್ಕ. ಊರಿನ ಬಾಳು, ಊರಿನ ಸಾವು, ಊರಿನ ಕರಾರು - ಇವೇ ಅಲ್ಲಿನ ವಿಷಯಗಳು. ಕಿರುತೆರೆಯಲ್ಲಿ ಗುಡಿಯ ಶಿಖರವನ್ನು ತೋರಿಸುವುದು ಸುಲಭ. ಈ ಕರಾರುಗಳ ಅರ್ಥವನ್ನು ಬಿಡಿಸಲು ಮಾತ್ರ ಅಚ್ಚಿನ ಪುಟವೇ ಬೇಕಾಗುತ್ತದೆ.

ನದಿಯಿಲ್ಲದ ಸೀಮೆಯ ಲೆಕ್ಕಾಚಾರ

ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್ ಇಲ್ಲಿ ಹಾದು ಹೋಗುತ್ತದೆ. ಮಳೆ ಬಂದಾಗ ಹರಿಯುತ್ತದೆ, ಉಳಿದಂತೆ ಮರಳು. ಈ ಕೊರತೆಗೆ ಹಿಂದಿನವರು ಕಂಡುಕೊಂಡ ಉತ್ತರ ಕೆರೆಗಳ ಸರಪಣಿ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಒಂದು ಹನಿಯೂ ನಾಲ್ಕಾರು ಊರುಗಳಿಗೆ ಲೆಕ್ಕ ಒಪ್ಪಿಸದೆ ಸೀಮೆ ದಾಟುವಂತಿರಲಿಲ್ಲ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮುನ್ನ, ಅಂದರೆ 2007ಕ್ಕೂ ಹಿಂದಿನ ಅವಿಭಜಿತ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಬುದ್ಧಿಗೆ ಸವಾಲು ಎಂಬ ಅರ್ಥದಲ್ಲಿ ಬರೆದಿದ್ದಾರೆ.

ಇಷ್ಟು ಕೆರೆಗಳು ರಾಜಾಜ್ಞೆಯೊಂದರಿಂದಲೇ ಆದವಲ್ಲ. ಕೆರೆ ಕಟ್ಟಿಸಿದವನಿಗೆ, ಏರಿ ಒಡೆದರೆ ಸರಿಪಡಿಸಿದವನಿಗೆ ಆ ಕೆರೆಯ ಕೆಳಗೇ ಭೂಮಿ ಸಿಗುತ್ತಿತ್ತು. ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಎಂಬ ಹೆಸರುಗಳೆಲ್ಲ ಈ ವ್ಯವಸ್ಥೆಯವೇ. ಕೆರೆಯಲ್ಲಿ ನೀರಿದ್ದರೆ ಮಾತ್ರ ಆ ಭೂಮಿಗೆ ಬೆಲೆ. ಆದ್ದರಿಂದ ಕೆರೆಯನ್ನು ಕಾಯುವುದು ಅವನ ಸ್ವಂತ ಹಿತವೂ ಆಯಿತು. ದಿನನಿತ್ಯದ ಕೆಲಸಕ್ಕೆ ನೀರಗಂಟಿ ಇದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಅವನ ಹೊಣೆ. ಬರಗಾಲದ ವರ್ಷ ಅವನ ಮಾತೇ ಕೊನೆಯ ಮಾತು. ನೀರಿಗೆ ಕೈಯಿಟ್ಟ ಇವರಲ್ಲಿ ಹಲವರು ಊರು ಕೀಳೆಂದು ಎಣಿಸಿದ್ದ ಜಾತಿಗಳವರು ಎಂಬುದನ್ನೂ ಮರೆಯಬಾರದು. ಹಿಂದಿನ ಕಾಲವೆಲ್ಲ ಚಿನ್ನದಂಥದ್ದು ಎಂದು ಹೇಳುವುದು ಚರಿತ್ರೆಯಾಗುವುದಿಲ್ಲ.

ಎರಡು ಉದಾಹರಣೆಗಳನ್ನು ನೋಡೋಣ. ಆವನಿಯಲ್ಲಿ ತ್ರಿಭುವನಕರ್ತಾರ ಭಟಾರ ಎಂಬ ಶೈವ ಯತಿ ನಲವತ್ತು ವರ್ಷ ಆ ಸ್ಥಾನದ ಅಧಿಪತಿಯಾಗಿದ್ದು, ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಕ್ರಿ.ಶ. 961ರ ಶಾಸನ ಹೇಳುತ್ತದೆ. ಗುಡಿಯ ಜೊತೆಯಲ್ಲೇ ಕೆರೆಯ ಲೆಕ್ಕವನ್ನೂ ಬರೆದಿರುವುದನ್ನು ಗಮನಿಸಬೇಕು.

ಎರಡನೆಯದು ಪಾಲಾರ್ ದಡದ ಬೇತಮಂಗಲ. ವಿಜಯಾದಿತ್ಯ ಎಂಬ ಅರಸನ ಹೆಸರಿನಿಂದ ಅದು ವಿಜಯಾದಿತ್ಯಮಂಗಲವಾಗಿತ್ತು. ಅಲ್ಲಿನ ದೊಡ್ಡ ಕೆರೆ ಒಡೆದಾಗ ಹತ್ತನೆಯ ಶತಮಾನದ ನಡುವೆ ಇರಿವನೊಳಂಬ ಅದನ್ನು ಸರಿಪಡಿಸಿದ. ಮತ್ತೆ ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯ ಸರಿಪಡಿಸಿದ. ಕಟ್ಟಿದವರ ವಂಶ ಬೇರೆ, ಕಾಪಾಡಿದವರ ವಂಶ ಬೇರೆ, ಕೆರೆ ಒಂದೇ. ಈ ಕೆರೆಯ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಗಣಿಯ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಮೂಡಲ ಬಾಗಿಲಿನ ರಾಜಕಾರಣ

ವಿಜಯನಗರದ ಕಾಲದಲ್ಲಿ ಈ ಸೀಮೆಯ ಕೇಂದ್ರ ಮುಳಬಾಗಿಲಿಗೆ ಸರಿಯಿತು. ಮೂಡಲ ಬಾಗಿಲು ಎಂಬುದೇ ಮುಳಬಾಗಿಲು. ಬುಕ್ಕರಾಯನ ಮಗ ಕುಮಾರ ಕಂಪಣ ಇಲ್ಲಿಂದಲೇ ದಕ್ಷಿಣದ ದಂಡಯಾತ್ರೆ ಕೈಗೊಂಡ. ಇಮ್ಮಡಿ ದೇವರಾಯನ ಕಾಲದಲ್ಲಿ 'ಶಿವತತ್ತ್ವ ಚಿಂತಾಮಣಿ'ಯ ಕರ್ತೃ ಲಕ್ಕಣ್ಣ ದಂಡೇಶ ಮುಳಬಾಗಿಲು ರಾಜ್ಯವನ್ನು ನೋಡಿಕೊಂಡ. ಮಾಲೂರು ತಾಲ್ಲೂಕಿನ ಟೇಕಲ್ಲಿನಲ್ಲಿ ಸಾಳುವ ಮನೆತನದವರ ಶಾಸನಗಳಿವೆ.

ವಿಜಯನಗರ ಕುಗ್ಗಿದ ಮೇಲೆ, 1638ರ ನಂತರ ಬಿಜಾಪುರದ ಸೇನೆ ಬಂದು, ಕೋಲಾರ ಶಹಾಜಿ ಭೋಸಲೆಯ ಜಹಗೀರಿನ ಭಾಗವಾಯಿತು. 1687ರಲ್ಲಿ ಮೊಗಲರ ಸಿರಾ ಸುಭಾ ಏರ್ಪಟ್ಟಾಗ ಅದರ ಏಳು ಪರಗಣಗಳಲ್ಲಿ ಕೋಲಾರವೂ ಒಂದು. ಇಲ್ಲಿ ಫೌಜುದಾರನಾಗಿದ್ದ ಫತೇ ಮಹಮ್ಮದನ ಮಗನೇ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ. 1768ರಲ್ಲಿ ಇಂಗ್ಲಿಷರು ಈ ಸೀಮೆಯನ್ನು ಹಿಡಿದರು. ಆ ವರ್ಷ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಹೈದರನ ಸೇನೆಗೂ ಕರ್ನಲ್ ವುಡ್‌ನ ಸೇನೆಗೂ ಘೋರ ಯುದ್ಧ ನಡೆಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಒಡೆಯರಿಗೆ ಬಂತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳೇ ನೇರವಾಗಿ ಆಳಿದರು. ಗಣಿಯ ಪರವಾನಗಿಗಳು ಹೊರಟದ್ದು ಈ ಐವತ್ತು ವರ್ಷಗಳ ಕೊನೆಯ ಭಾಗದಲ್ಲಿ.

ವಾರನ್ ಕಂಡದ್ದು, ಕಂಪನಿ ಪಡೆದದ್ದು

1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದ. ಇಲ್ಲಿ ಚಿನ್ನ ಸಿಗುತ್ತದೆಂಬ ಮಾತು ಅವನ ಕಿವಿಗೆ ಬಿತ್ತು. ತೋರಿಸಿಕೊಟ್ಟವರಿಗೆ ಬಹುಮಾನ ಎಂದು ಸಾರಿದ. ಊರಿಗಾಂ ಕಡೆಯ ರೈತರು ಮಣ್ಣು ತಂದರು. ಹೆಂಗಸರು ಅವನ ಕಣ್ಣ ಮುಂದೆಯೇ ಆ ಮಣ್ಣನ್ನು ನೀರಿನಲ್ಲಿ ತೊಳೆದು ಚಿನ್ನದ ಕಣ ತೆಗೆದು ತೋರಿಸಿದರು. ಮಾರಿಕುಪ್ಪಂ ಬಳಿ ನೆಲದೊಳಗೆ ಆಳವಾಗಿ ಇಳಿದ ಗುಂಡಿಗಳಿದ್ದವು. ಊರಿನ ಹೊರಗೆ ಇರಿಸಲ್ಪಟ್ಟಿದ್ದ ಜನ ಅದರಲ್ಲಿ ಇಳಿದು ಕಲ್ಲು ಒಡೆದು, ಬುಟ್ಟಿಗಳನ್ನು ಕೈಯಿಂದ ಕೈಗೆ ಸಾಗಿಸಿ ಮೇಲಕ್ಕೆ ಕಳಿಸುತ್ತಿದ್ದರು. ಮೇಲೆ ಹೆಂಗಸರು ಆ ಕಲ್ಲನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ವಾರನ್ ಇದನ್ನೆಲ್ಲ ಬರೆದಿಟ್ಟ.

ಈ ವರದಿಯನ್ನು ಇಂದಿಗೂ 'ವಾರನ್ನನ ಶೋಧ' ಎನ್ನುತ್ತಾರೆ. ಅದರಲ್ಲಿ ಶೋಧಿಸಿದವರು ಯಾರು, ತೋರಿಸಿಕೊಟ್ಟವರು ಯಾರು ಎಂಬುದನ್ನು ವರದಿಯೇ ಹೇಳುತ್ತದೆ. ಆಳಿದವರ ಕಾಗದದಲ್ಲೇ ಆಳಿಸಿಕೊಂಡವರ ಕೈಕೆಲಸವನ್ನು ಕಾಣುವ ಈ ಬಗೆಯ ಓದು ಫಿಲಿಪ್ಪೀನ್ಸ್‌ನಲ್ಲಿ ದೊಡ್ಡ ಪರಂಪರೆಯಾಗಿ ಬೆಳೆದಿದೆ. ಅಲ್ಲಿನ ರಾಷ್ಟ್ರನಾಯಕ ಹೊಸೆ ರಿಸಾಲ್, ಸ್ಪೇನಿನ ಅಧಿಕಾರಿ ಮೊರ್ಗಾ 1609ರಲ್ಲಿ ಅಚ್ಚು ಹಾಕಿಸಿದ್ದ ಪುಸ್ತಕವನ್ನು ಲಂಡನ್ನಿನಲ್ಲಿ ಕುಳಿತು ಕೈಯಾರೆ ಪ್ರತಿ ಮಾಡಿಕೊಂಡು, ಟಿಪ್ಪಣಿ ಸೇರಿಸಿ 1890ರಲ್ಲಿ ಪ್ಯಾರಿಸ್ಸಿನಲ್ಲಿ ಹೊರತಂದ. ಪರಕೀಯರು ಬರುವ ಮೊದಲೇ ತನ್ನ ಜನಕ್ಕೆ ಕಸುಬು, ವ್ಯಾಪಾರ, ಬರಹ ಇದ್ದವೆಂದು ಪರಕೀಯನ ಪುಸ್ತಕದಿಂದಲೇ ತೋರಿಸಿದ. ವಾರನ್ನನ ವರದಿಯನ್ನು ನಾವೂ ಹಾಗೆ ಓದಬೇಕಾಗಿದೆ.

ಮುಂದಿನ ಕಥೆ ಇದನ್ನು ದೃಢಪಡಿಸುತ್ತದೆ. ಲವೆಲ್ ಹಣ ಸಾಲದೆ ತನ್ನ ಹಕ್ಕನ್ನು ಬೆರೆಸ್‌ಫರ್ಡ್ ಎಂಬ ಸೇನಾಧಿಕಾರಿಗೆ ವರ್ಗಾಯಿಸಿದ. ಟೇಲರ್ ಸಂಸ್ಥೆ ಬಂದ ಮೇಲೂ ಕೆಲವು ವರ್ಷ ನಷ್ಟವೇ. ಷೇರುದಾರರು ಬೇಸತ್ತಿದ್ದ ಸಮಯದಲ್ಲಿ, ಮೈಸೂರು ಗಣಿಯಲ್ಲಿ ಪ್ಲಮ್ಮರ್ ಎಂಬ ಗಣಿಗಾರ ಹಳೆಯ ಗುಂಡಿಗಳ ಜಾಡು ಹಿಡಿದು ಇನ್ನೂ ಆಳಕ್ಕೆ ಇಳಿದ. 1880ರ ದಶಕದ ನಡುವೆ ಚಾಂಪಿಯನ್ ಪದರ ಕೈಗೆ ಸಿಕ್ಕಿತು. ನೀರು ಜಿನುಗಿ ಹಿಂದಿನವರು ಕೆಲಸ ನಿಲ್ಲಿಸಿದ್ದ ಜಾಗದಿಂದ ಮುಂದಕ್ಕೆ ಯಂತ್ರ ಇಳಿಯಿತು ಎನ್ನಬಹುದು. ಆ ಹಳೆಯ ಗುಂಡಿಗಳಲ್ಲಿ ಸಿಕ್ಕ ಮರದ ತುಂಡುಗಳ ರೇಡಿಯೋಕಾರ್ಬನ್ ಪರೀಕ್ಷೆ, ಇಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಗಣಿ ಕೆಲಸ ನಡೆದಿತ್ತೆಂದು ತೋರಿಸಿದೆ.

ಲೆಕ್ಕದ ಎರಡು ಬದಿ

ಕಂಪನಿಯ ಕಾಲ ತಂದದ್ದು ಸಣ್ಣದಲ್ಲ. ಶಿವನಸಮುದ್ರದಿಂದ 92 ಮೈಲಿ ದೂರ ಎಳೆದ ವಿದ್ಯುತ್ ತಂತಿ ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದವಾದವುಗಳಲ್ಲಿ ಒಂದು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಸುಮಾರು 120 ವರ್ಷಗಳಲ್ಲಿ ಒಟ್ಟು 800 ಟನ್ನಿನಷ್ಟು ಚಿನ್ನ ಬಂತು. ರೈಲು, ಆಸ್ಪತ್ರೆ, ಶಾಲೆ ಬಂದವು. ಮೈಸೂರು ಸರ್ಕಾರಕ್ಕೆ ರಾಜಧನವೂ ಬಂತು.

ಇನ್ನೊಂದು ಬದಿಯಲ್ಲಿ, ಲಾಭದ ದೊಡ್ಡ ಪಾಲು ಲಂಡನ್ನಿನ ಷೇರುದಾರರಿಗೆ ಹೋಯಿತು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಸಾವಿರಾರು ಬಡ ಕುಟುಂಬಗಳು, ಅದರಲ್ಲೂ ದಲಿತರು, ತಗಡಿನ ಲೈನ್ ಮನೆಗಳಲ್ಲಿ ಬಾಳಿದರು. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯನ್ನು ಕೂಲಿಯ ಜೊತೆಗೆ ಮನೆಗೆ ಒಯ್ದರು. ಸುತ್ತಲಿನ ಹಳ್ಳಿಗಳಿಗೆ ಆ ವಿದ್ಯುತ್ ಬೆಳಕು ತಲುಪಲು ದಶಕಗಳೇ ಹಿಡಿದವು. ಊರಿನ ಹೆಸರುಗಳೂ ಬದಲಾದವು: ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬೌರಿಂಗ್‌ಪೇಟೆ. ಬೌರಿಂಗ್‌ಪೇಟೆ ಜನರ ಬಾಯಲ್ಲಿ ಬಂಗಾರಪೇಟೆಯಾಗಿ ನಮ್ಮದಾಯಿತು.

ನೀರಿನ ವಿಷಯದಲ್ಲಿ ಆದ ಬದಲಾವಣೆ ಇನ್ನೂ ಆಳವಾದದ್ದು. ಹತ್ತೊಂಬತ್ತನೆಯ ಶತಮಾನದ ನಡುವೆ ಲೋಕೋಪಯೋಗಿ ಇಲಾಖೆ ಏರ್ಪಟ್ಟು ಕೆರೆಯ ದುರಸ್ತಿ ಕ್ರಮೇಣ ಇಲಾಖೆಯ ಕೆಲಸವಾಯಿತು. 1892ರ ಮದರಾಸು-ಮೈಸೂರು ಒಪ್ಪಂದದ ಪ್ರಕಾರ, ಪಾಲಾರ್ ಸೇರಿದಂತೆ ಗಡಿ ದಾಟುವ ನದಿಗಳಿಗೆ ಹೊಸ ಜಲಾಶಯ ಕಟ್ಟಲು ಮೈಸೂರು ಮದರಾಸಿನ ಒಪ್ಪಿಗೆ ಪಡೆಯಬೇಕಾಯಿತು. ಕೆಳಗಿನವರ ಆತಂಕಕ್ಕೂ ಕಾರಣವಿತ್ತು: 1903ರ ನವೆಂಬರಿನಲ್ಲಿ ಮೈಸೂರಿನ ಕೆರೆಗಳು ಒಡೆದು ಪಾಲಾರ್ ಉಕ್ಕಿದಾಗ ವಾಣಿಯಂಬಾಡಿ ಪಟ್ಟಣ ಭಾರಿ ಹಾನಿಗೊಳಗಾಯಿತು. ಸರಪಣಿಯ ಒಂದು ಕೊಂಡಿ ಕಳಚಿದರೆ ಕೆಳಗಿನವರೆಲ್ಲ ಅನುಭವಿಸಬೇಕು ಎಂಬುದಕ್ಕೆ ಅದು ಸಾಕ್ಷಿ.

ಇನ್ನು ಗಣಿಯ ಊರಿಗೆ ನೀರು ಬಂದದ್ದು ಎಲ್ಲಿಂದ? ಬೇತಮಂಗಲದಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಜಲಕೇಂದ್ರ ಕಟ್ಟಿ ಕೊಳವೆಗಳ ಮೂಲಕ ಕೆ.ಜಿ.ಎಫ್.ಗೆ ನೀರು ಒಯ್ದರು. ಬಂಗಲೆಯ ತೋಟಕ್ಕೂ ಲೈನ್ ಮನೆಯ ಕೊಡಕ್ಕೂ ಬಂದದ್ದು ಇರಿವನೊಳಂಬನೂ ಚೊಕ್ಕಿಮಯ್ಯನೂ ಉಳಿಸಿಕೊಟ್ಟ ಕೆರೆಯ ನೀರು.

ಉಳಿದದ್ದು ಮತ್ತು ಉಳಿಸಬೇಕಾದದ್ದು

ಗಣಿಯನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು; 1962ರಲ್ಲಿ ಅದು ಕೇಂದ್ರಕ್ಕೆ ಹೋಯಿತು; 2001ರ ಫೆಬ್ರವರಿ 28ರಂದು ಮುಚ್ಚಿತು. ಸಯನೈಡ್ ಮಣ್ಣಿನ ದಿಬ್ಬಗಳು ಈಗಲೂ ಅಲ್ಲಿವೆ. ಕೆಲಸ ಕಳೆದುಕೊಂಡ ಮನೆಗಳ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಕೆರೆಗಳ ಸರಪಣಿಯೂ ಸುಖವಾಗಿಲ್ಲ. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು. ಜಾತಿಗೆ ಅಂಟಿದ ದುಡಿಮೆಯಿಂದ ಬಿಡುಗಡೆ ಎಂದು ಅದು ನ್ಯಾಯವೇ. ಆದರೆ ನೀರಗಂಟಿ ಮಾಡುತ್ತಿದ್ದ ಕೆಲಸವನ್ನು ಯಾರು ಮಾಡಬೇಕು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲಿಲ್ಲ. ಕೊಳವೆ ಬಾವಿ ಬಂದ ಮೇಲೆ ಕೆರೆಯ ಕಡೆ ನೋಡುವವರೂ ಕಡಿಮೆಯಾದರು. ಪೋಷಕ ಕಾಲುವೆ ಮುಚ್ಚಿತು, ಹೂಳು ತುಂಬಿತು, ಅಂಗಳ ಒತ್ತುವರಿಯಾಯಿತು. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಒಂದೊಂದಾಗಿ ಮುಂದಿನ ಕೆರೆಗಳಿಗೆ ಹರಿಯಿತು. ಅದರ ಶುದ್ಧತೆಯ ಬಗ್ಗೆ ಚರ್ಚೆ ನಡೆದಿದೆ. ಇನ್ನೊಂದು ಹಂತದ ಶುದ್ಧೀಕರಣ ಬೇಕೆಂದು ರೈತರು ಕೇಳುತ್ತ ಬಂದಿದ್ದಾರೆ. ಒಂದು ಮಾತು ಮಾತ್ರ ಸ್ಪಷ್ಟ. ಈ ಕಾಲದ ಪಂಪು ನೀರನ್ನು ತಂದು ಬಿಟ್ಟ ಮೇಲೆ ಅದು ಊರಿಂದೂರಿಗೆ ಹೋಗಲು ದಾರಿ ಮಾಡಿಕೊಟ್ಟದ್ದು ಹಿಂದಿನವರ ಅದೇ ಸರಪಣಿ.

ಚಿನ್ನದ ಗಣಿ ನೂರಿಪ್ಪತ್ತು ವರ್ಷ ಬಾಳಿತು. ಬೇತಮಂಗಲದ ಕೆರೆ ಸಾವಿರ ವರ್ಷ ದಾಟಿತು. ಅಗೆದು ತೆಗೆದದ್ದು ಮುಗಿಯುತ್ತದೆ. ಒಡೆದಾಗ ಮತ್ತೆ ಕಟ್ಟಿದ್ದು ಉಳಿಯುತ್ತದೆ. ಈ ಪಾಠವನ್ನು ಹೇಳುವ ಶಾಸನಗಳೇ ಇಂದು ಅಪಾಯದಲ್ಲಿವೆ. ಕಲ್ಲು ಗಣಿಗಾರಿಕೆ, ರಸ್ತೆ ಅಗಲೀಕರಣ, ಹೊಸ ಬಡಾವಣೆಗಳ ನಡುವೆ ವೀರಗಲ್ಲುಗಳು ಚರಂಡಿಯ ಚಪ್ಪಡಿಯಾಗುತ್ತಿವೆ. ನಿಧಿಯ ಆಸೆಗೆ ಕೆಲವನ್ನು ಕೀಳುತ್ತಾರೆ. ತಮ್ಮ ಊರಿನ ಕಲ್ಲು ಎಪಿಗ್ರಾಫಿಯಾದ ಹತ್ತನೆಯ ಸಂಪುಟದಲ್ಲಿ ಇದೆಯೇ, ಇದ್ದರೆ ಆ ಕಲ್ಲು ಇನ್ನೂ ಅಲ್ಲೇ ನಿಂತಿದೆಯೇ ಎಂದು ಪ್ರತಿ ಗ್ರಾಮದ ಶಾಲೆಯ ಉಪಾಧ್ಯಾಯರು ಮಕ್ಕಳೊಡನೆ ಒಂದು ಮಧ್ಯಾಹ್ನ ಹೋಗಿ ನೋಡಬಹುದು. ಕಲ್ಲು ಸಿಕ್ಕಿದ ಜಾಗದಿಂದ ಕೆರೆಯ ಏರಿ ಬಹುಶಃ ಬಹಳ ದೂರವಿರಲಾರದು. ಅದನ್ನೂ ನೋಡಿ ಬರುವುದು ಒಳ್ಳೆಯದು.